ಕಾಲಾಳಿಗೂ ಒಂದು ಕಲ್ಲು

ಚಿತ್ರಕಥೆ ಎಂದರೆ ಮಕ್ಕಳ ಓದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ರೂಪಿಸಿದ ‘ಅಮರ ಚಿತ್ರಕಥೆ’ಯನ್ನು ಬೇಸಿಗೆ ರಜೆಯಲ್ಲಿ ಓದಿ ಬೆಳೆದವರೂ ದೊಡ್ಡವರಾದ ಮೇಲೆ ಅದನ್ನು ರದ್ದಿ ಕಾಗದದ ಜೊತೆ ಹಾಕಿಬಿಡುತ್ತಾರೆ. ಜಪಾನಿನಲ್ಲಿ ಹಾಗಿಲ್ಲ. ಅಲ್ಲಿ ‘ಮಾಂಗಾ’ ಎಂದು ಕರೆಯುವ ಚಿತ್ರಕಥೆಗಳನ್ನು ಕಚೇರಿಗೆ ಹೋಗುವವರು, ಗೃಹಿಣಿಯರು, ನಿವೃತ್ತರು ಎಲ್ಲರೂ ಓದುತ್ತಾರೆ. ಅದರಲ್ಲಿ ಯುದ್ಧದ ಮಾಂಗಾಗಳದೇ ಒಂದು ದೊಡ್ಡ ಪಂಗಡ. ಬಂದೂಕು, ಟ್ಯಾಂಕು, ವಿಮಾನಗಳನ್ನು ಇದ್ದದ್ದು ಇದ್ದಂತೆ ಬರೆಯುವುದು ಆ ಕಲಾವಿದರ ಹೆಚ್ಚುಗಾರಿಕೆ. ಆದರೆ ಓದುಗನನ್ನು ಕಟ್ಟಿಹಾಕುವುದು ಬಂದೂಕಲ್ಲ, ಅದನ್ನು ಹಿಡಿದವನ ಪಾಡು.

ಈ ಬಗೆಯ ಮಾಂಗಾಗಳಲ್ಲಿ ಮುಖ್ಯವಾದುದು ಶಿಗೆರು ಮಿಜುಕಿ (1922-2015) ಎಂಬ ಕಲಾವಿದ 1973ರಲ್ಲಿ ಪ್ರಕಟಿಸಿದ ಕೃತಿ. ‘ಎಲ್ಲರೂ ಗೌರವದಿಂದ ಸಾಯಿರಿ’ ಎಂಬುದು ಅದರ ಶೀರ್ಷಿಕೆಯ ಭಾವ. ಮಿಜುಕಿ ಎರಡನೆಯ ಮಹಾಯುದ್ಧದಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದವನು. ಈಗಿನ ಪಪುವಾ ನ್ಯೂಗಿನಿಗೆ ಸೇರಿದ ನ್ಯೂ ಬ್ರಿಟನ್ ದ್ವೀಪದಲ್ಲಿ ಮಲೇರಿಯಾದಿಂದ ನರಳಿ, ಬಾಂಬು ದಾಳಿಯಲ್ಲಿ ಎಡಗೈ ಕಳೆದುಕೊಂಡವನು. ಉಳಿದ ಒಂದೇ ಕೈಯಲ್ಲಿ ಚಿತ್ರ ಬರೆದು ಬದುಕಿದ. ಅವನ ಕಥೆಯ ದಂಡಿಗೆ ಶತ್ರುವಿನ ಮೇಲೆ ಬಿದ್ದು ಸಾಯಬೇಕೆಂದು ಆಜ್ಞೆಯಾಗುತ್ತದೆ. ಕೆಲವರು ಹೇಗೋ ಬದುಕಿ ಹಿಂತಿರುಗುತ್ತಾರೆ. ಅಷ್ಟರಲ್ಲಿ ದಂಡು ಪೂರ್ತಿ ಮಡಿಯಿತೆಂದು ಮೇಲಿನವರಿಗೆ ವರದಿ ಹೋಗಿರುತ್ತದೆ. ವರದಿ ಸುಳ್ಳಾಗಬಾರದಲ್ಲ! ಬದುಕಿ ಬಂದವರು ಮತ್ತೆ ಸಾಯಲು ಹೋಗಬೇಕಾಗುತ್ತದೆ.

ಒಬ್ಬ ಸಾಮಾನ್ಯ ಸಿಪಾಯಿಯ ಸಾವನ್ನು ಚೌಕಟ್ಟಿನೊಳಗೆ ಬರೆದು ತೋರಿಸುವ ಈ ಕೆಲಸ ಆಧುನಿಕವೆಂದು ತೋರುವುದು ಸಹಜ. ಆದರೆ ಕನ್ನಡ ನಾಡಿನಲ್ಲಿ ಅದು ಸಾವಿರ ವರ್ಷಕ್ಕೂ ಮಿಕ್ಕಿ ನಡೆದಿದೆ. ಕಾಗದದ ಬದಲು ಕಲ್ಲು, ಲೇಖನಿಯ ಬದಲು ಉಳಿ, ಅಷ್ಟೇ ವ್ಯತ್ಯಾಸ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರಮುಂದಿನ ಮರದ ಬುಡದಲ್ಲಿ ಅರೆ ಹೂತು ನಿಂತಿರುವ ವೀರಗಲ್ಲುಗಳನ್ನು ಕಾಣದವರಿಲ್ಲ. ನಿಂತು ಓದಿದವರು ಮಾತ್ರ ಕಡಿಮೆ.

ಕೆಳಗಿನಿಂದ ಮೇಲಕ್ಕೆ

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದಿದರೆ ಕಥೆ ತಲೆಕೆಳಗಾಗುತ್ತದೆ. ಓದು ಕೆಳಗಿನ ಅಂಕಣದಿಂದ ಶುರುವಾಗಬೇಕು. ಅಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ ಹಿಡಿದವರು, ಒಂದು ಬದಿಯಲ್ಲಿ ದನಗಳ ಸಾಲು ಇದ್ದರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರೊಡನೆ ನಡೆದ ಹೋರಾಟ. ನಡುವಿನ ಅಂಕಣದಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಸ್ವರ್ಗದಲ್ಲೋ ಕೈಲಾಸದಲ್ಲೋ ನೆಮ್ಮದಿಯಾಗಿ ಕುಳಿತಿರುತ್ತಾನೆ, ಪಕ್ಕದಲ್ಲಿ ಲಿಂಗ, ಪೂಜಿಸುವ ಅರ್ಚಕ. ಮೂರೇ ಚೌಕಟ್ಟು, ಸತ್ತದ್ದು, ಹೋದದ್ದು, ಸೇರಿದ್ದು.

ಈ ಮೂರಂಕಣದ ಕ್ರಮ ಚೆನ್ನಾಗಿ ಬೆಳೆದದ್ದು ಕಲ್ಯಾಣದ ಚಾಲುಕ್ಯರು ಮತ್ತು ಹೊಯ್ಸಳರ ಕಾಲದಲ್ಲಿ. ಅದಕ್ಕೂ ಹಿಂದಿನ ಗಂಗರ ಕಾಲದ ಕಲ್ಲುಗಳು ಹಲವು ವೇಳೆ ಒಂದೇ ಅಂಕಣದವು. ಕಲ್ಲಿನ ತುಂಬ ವೀರನೇ ನಿಂತಿರುತ್ತಾನೆ. ಅಪ್ಸರೆಯರಿಗೆ ಮೂಲೆಯಲ್ಲಿ ಎಲ್ಲೋ ಒಂದಿಷ್ಟು ಜಾಗ. ಅಕ್ಷರಗಳನ್ನು ಚಿತ್ರದ ಸುತ್ತ ಉಳಿದ ಜಾಗದಲ್ಲಿ ಕೊರೆದದ್ದೂ ಉಂಟು. ಕುಸುರಿ ಕೆಲಸದಲ್ಲಿ ಹೊಯ್ಸಳ ಕಲ್ಲಿಗೆ ಇವು ಸಾಟಿಯಲ್ಲ. ಆದರೆ ನಿಜದ ಮಾತಿಗೆ ಬಂದರೆ ಗಂಗರ ಕಲ್ಲೇ ಒಂದು ಕೈ ಮೇಲು. ತುರುಬು ಕಟ್ಟಿದ ರೀತಿ, ನಡುವಿಗೆ ಸಿಕ್ಕಿಸಿದ ಸುರಗಿ, ಕೆಲವು ಕಡೆ ಮೈಗೆ ನಾಟಿ ನಿಂತ ಬಾಣ ಎಲ್ಲವೂ ಅಲ್ಲಿ ಕಣ್ಣಿಗೆ ಕಟ್ಟುತ್ತವೆ. ಅಂದಿನ ಸೈನಿಕ ಏನು ಉಡುತ್ತಿದ್ದ, ಏನು ಹಿಡಿಯುತ್ತಿದ್ದ ಎಂದು ತಿಳಿಯಲು ವಿದ್ವಾಂಸರು ಈ ಕಲ್ಲುಗಳ ಮುಂದೆಯೇ ಕೂರಬೇಕು.

ಈ ಮಾತಿಗೆ ಒಳ್ಳೆಯ ಸಾಕ್ಷಿ ಬೇಗೂರಿನ ಕಲ್ಲು. ಇಂದಿನ ಜಿಲ್ಲೆಯ ಗೆರೆಯ ಪ್ರಕಾರ ಬೇಗೂರು ಬೆಂಗಳೂರು ನಗರಕ್ಕೆ ಸೇರುತ್ತದೆ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಗುವವರೆಗೆ ಎಲ್ಲವೂ ಒಂದೇ ಜಿಲ್ಲೆ. ಗಂಗರ ಕಾಲದಲ್ಲಿ ಅದರ ಹೆಸರು ಬೆಂಪೂರು. ಕ್ರಿ.ಶ. 890ರ ಸುಮಾರಿಗೆ ಗಂಗ ಅರಸ ಎರೆಯಪ್ಪನ ಅಧೀನದಲ್ಲಿ ನಾಗತ್ತರ ಎಂಬ ನಾಯಕನಿದ್ದ. ಅಯ್ಯಪದೇವನೆಂಬುವನಿಗೆ ವೀರಮಹೇಂದ್ರನೊಡನೆ ಯುದ್ಧ ಬಿತ್ತು. ಎರೆಯಪ್ಪ ತನ್ನ ಪಡೆಯನ್ನು ನಾಗತ್ತರನ ಕೈಗೆ ಕೊಟ್ಟು ಅಯ್ಯಪದೇವನ ನೆರವಿಗೆ ಕಳುಹಿಸಿದ. ತುಂಬೆಪಾಡಿ ಎಂಬಲ್ಲಿ ಕಾಳಗ ಕೈಗೂಡಿ ಆನೆಗಳ ಮಟ್ಟಕ್ಕೆ ಬಂದಾಗ ನಾಗತ್ತರ ಸತ್ತ. ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ನುಗ್ಗಿ ಬಂದಿರುವ ದೃಶ್ಯವಿದೆ. ಬೇರೆ ಕಲ್ಲುಗಳ ಹಾಗೆ ಇಬ್ಬರು ಮೂವರನ್ನು ನಿಲ್ಲಿಸಿ ಇದೇ ಯುದ್ಧ ಎಂದು ಸೂಚಿಸಿ ಬಿಟ್ಟಿಲ್ಲ. ಇಕ್ಕಟ್ಟು, ತುಳಿದಾಟ, ಗಲಿಬಿಲಿ ಎಲ್ಲವೂ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಕಲ್ಲನ್ನು ಮಾಂಗಾ ಓದಿದವರು ಕಂಡರೆ ಚೌಕಟ್ಟಿನ ತುಂಬ ಗದ್ದಲ ತುಂಬುವ ಆ ಕಲೆ ಎಲ್ಲೋ ಕಂಡದ್ದೆನಿಸೀತು.

ಚಿತ್ರ ಅಲ್ಲಿಗೆ ನಿಲ್ಲುತ್ತದೆ, ಶಾಸನ ನಿಲ್ಲುವುದಿಲ್ಲ. ನಾಗತ್ತರ ಸತ್ತ ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕೊಟ್ಟ. ಹಳ್ಳಿಗಳ ಹೆಸರು ಕಲ್ಲಿನ ಮೇಲೇ ಇವೆ. ಯುದ್ಧದ ಚಿತ್ರದ ಜೊತೆಗೇ ಲೆಕ್ಕಪತ್ರ ಎಂದರೂ ಸಲ್ಲುತ್ತದೆ.

ಊರಿನ ಹೆಸರು, ಸಾವಿನ ಸುದ್ದಿ

ಬೇಗೂರಿನಲ್ಲೇ ಇನ್ನೊಂದು ಕಲ್ಲಿದೆ. ಅದರಲ್ಲಿ ಆನೆಯಿಲ್ಲ, ಕುದುರೆಯಿಲ್ಲ. ಇರುವುದು ಕೆಲವೇ ಸಾಲು. ನಾಗೇಶ್ವರ ದೇವಾಲಯದ ಈ ಶಾಸನವನ್ನು ಆರ್. ನರಸಿಂಹಾಚಾರ್ಯರು 1914-15ರ ಸುಮಾರಿಗೆ ಗುರುತಿಸಿದರು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಮನೆಯಾಳೊಬ್ಬ ಸತ್ತ ಸಂಗತಿ ಅದರಲ್ಲಿದೆ. ಆ ಕಾಳಗ ಯಾರೊಡನೆ, ಯಾತಕ್ಕೆ ಎಂಬ ವಿವರವನ್ನು ಕಲ್ಲು ಕೊಡುವುದಿಲ್ಲ. ಆದರೂ ಶಾಸನ ಇಷ್ಟು ಹೆಸರಾದದ್ದು ಬೇರೆ ಕಾರಣಕ್ಕೆ: ‘ಬೆಂಗಳೂರು’ ಎಂಬ ಹೆಸರು ಸಿಗುವ ಅತ್ಯಂತ ಹಳೆಯ ಬರಹ ಇದು. ಬೆಂದಕಾಳು ಬೇಯಿಸಿದ ಮುದುಕಿಯ ಕಥೆಯನ್ನು ಪಕ್ಕಕ್ಕಿಡಲು ವಿದ್ವಾಂಸರು ಮುಂದೊಡ್ಡುವ ಕಲ್ಲೂ ಇದೇ. ಒಂದು ಮಹಾನಗರದ ಹೆಸರು ಮೊದಲು ದಾಖಲಾದದ್ದು ಅರಸನ ಪ್ರಶಸ್ತಿಯಲ್ಲಲ್ಲ, ದೇವಾಲಯ ಕಟ್ಟಿಸಿದವರ ಹೊಗಳಿಕೆಯಲ್ಲೂ ಅಲ್ಲ, ಒಬ್ಬ ಆಳಿನ ಸಾವಿನ ಸುದ್ದಿಯಲ್ಲಿ.

ಇದಕ್ಕೂ ಹಿಂದಿನದು ಹೆಬ್ಬಾಳದ ಕಲ್ಲು. ದೇವನಹಳ್ಳಿಗೆ, ವಿಮಾನ ನಿಲ್ದಾಣಕ್ಕೆ ಹೋಗುವವರು ದಿನವೂ ಹಾದುಹೋಗುವ ಹೆಬ್ಬಾಳದಲ್ಲಿ 2018ರಲ್ಲಿ ಶಾಸನಾಸಕ್ತರ ಕಣ್ಣಿಗೆ ಬಿದ್ದ ಈ ವೀರಗಲ್ಲು ಗಂಗ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಟ್ಟರ, ಅಂದರೆ ರಾಷ್ಟ್ರಕೂಟರ, ಪಡೆಯ ಹಾವಳಿಯಲ್ಲಿ ಕಿಟ್ಟಯ್ಯ ಎಂಬುವನು ಹೋರಾಡಿ ಸತ್ತದ್ದನ್ನು ಅದು ಹೇಳುತ್ತದೆ. ಪೆರ್ಬೊಳಲ್ ಎಂಬ ಶಾಸನದ ಹೆಸರೇ ಸವೆದು ಇಂದಿನ ಹೆಬ್ಬಾಳವಾಗಿದೆ.

ಕಿಟ್ಟಯ್ಯನ ಸಾವು ಬಿಡಿ ಘಟನೆಯಲ್ಲ. ಅದರ ಹಿಂದಿನ ದೊಡ್ಡ ಕಥೆಯನ್ನು ತಿಳಿಯಲು ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಹೋಗಬೇಕು. ಈಗ ಸಾಧಾರಣ ಹಳ್ಳಿಯಾದ ಮಣ್ಣೆ ಶ್ರೀಪುರುಷನ ಕಾಲಕ್ಕೆ ಮಾನ್ಯಪುರವೆಂಬ ಗಂಗರ ರಾಜಧಾನಿ. ಕಪಿಲೇಶ್ವರ ದೇವಾಲಯದ ಅವಶೇಷ ಇಂದಿಗೂ ಅಲ್ಲಿದೆ. ಬಡಗಲಿಂದ ಹೊಸದಾಗಿ ತಲೆಯೆತ್ತಿದ ರಾಷ್ಟ್ರಕೂಟರಿಗೆ ಗಂಗವಾಡಿಯ ಮೇಲೆ ಕಣ್ಣು ಬಿತ್ತು. ಒಂದನೆಯ ಕೃಷ್ಣ ದಂಡೆತ್ತಿ ಬಂದು 768ರಲ್ಲಿ ಮಣ್ಣೆಯಲ್ಲೇ ಬೀಡುಬಿಟ್ಟು, ಅಲ್ಲಿಂದಲೇ ದಾನಶಾಸನ ಹೊರಡಿಸಿದ. ಮಹಾರಾಷ್ಟ್ರದ ತಳೇಗಾಂವಿನಲ್ಲಿ ಸಿಕ್ಕ ತಾಮ್ರಪಟಗಳು ಇದಕ್ಕೆ ಆಧಾರ. ಗೆದ್ದವನು ಶತ್ರುವಿನ ರಾಜಧಾನಿಯಲ್ಲಿ ಕುಳಿತು ದಾನ ಕೊಟ್ಟ ಸಂಗತಿ ತಾಮ್ರದ ಮೇಲೆ ಉಳಿಯಿತು. ಆ ದಂಡು ಸುಳಿದ ದಾರಿಯಲ್ಲಿ ಸತ್ತವರು ಉಳಿದದ್ದು ಕಲ್ಲಿನ ಮೇಲೆ. ಪಠ್ಯಪುಸ್ತಕಗಳು ಹೆಚ್ಚಾಗಿ ತಾಮ್ರವನ್ನೇ ನೆಚ್ಚಿವೆ.

ನಾಯಿಗೂ ನಿಂತ ಕಲ್ಲು

ಮನುಷ್ಯನ ಮಾತು ಹೀಗಾದರೆ ಆತಕೂರಿನ ಕಲ್ಲು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಇದು ಈ ಜಿಲ್ಲೆಯದಲ್ಲ, ಮಂಡ್ಯ ಜಿಲ್ಲೆಯದು. ಆದರೆ ವೀರಗಲ್ಲಿನ ಒಳಗುಟ್ಟು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಘೋರ ಯುದ್ಧವಾಯಿತು. ಕೃಷ್ಣನ ಕಡೆಯಿದ್ದ ಗಂಗ ಅರಸ ಬೂತುಗ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಆಪ್ತ ಮಣಲೆರ ಎಂಬುವನೂ ಎದೆಗೊಟ್ಟು ಕಾದಿದ. ಮೆಚ್ಚಿದ ಒಡೆಯ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು.

ಆಮೇಲೊಂದು ದಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಕಲ್ಲಿನ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆರಗುವ ಚಿತ್ರವಿದೆ. ತಕ್ಕೋಲದಂಥ ದೊಡ್ಡ ಯುದ್ಧದ ಖಚಿತ ವಿವರಗಳು ಚರಿತ್ರಕಾರರಿಗೆ ದೊರೆತದ್ದು ನಾಯಿಯ ನೆನಪಿಗೆ ನಿಂತ ಈ ಕಲ್ಲಿನಿಂದ. ಮಣಲೆರನಿಗೆ ತನ್ನ ನಾಯಿ ಅಷ್ಟು ಹಚ್ಚಿಕೊಂಡಿರದಿದ್ದರೆ ಚೋಳ-ರಾಷ್ಟ್ರಕೂಟ ಇತಿಹಾಸದ ಒಂದು ಪುಟ ತೆಳುವಾಗುತ್ತಿತ್ತು.

ಇದೇ ಶಾಸನದಲ್ಲಿ ‘ಬಾಳ್ಗಚ್ಚು’ ಎಂಬ ಮಾತು ಬರುತ್ತದೆ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ಮಾನ್ಯ ಎಂದು ಇದನ್ನು ಅರ್ಥೈಸುತ್ತಾರೆ. ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳೂ ಇವೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಪರಿಹಾರ, ಪಿಂಚಣಿ. ಈ ಶಬ್ದಗಳ ಕಡೆಗೆ ಗಮನ ಹರಿಸದಿದ್ದರೆ ವೀರಗಲ್ಲು ಬರೀ ಪರಾಕ್ರಮದ ಹೊಗಳಿಕೆಯಾಗಿ ಕಾಣುತ್ತದೆ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿ ಅವರ ‘ಕರ್ನಾಟಕದ ವೀರಗಲ್ಲುಗಳು’ (1982) ಗ್ರಂಥಗಳು ಬಂದ ಮೇಲೆ ಈ ಕಲ್ಲುಗಳ ಹಿಂದಿನ ಸಮಾಜವನ್ನು ಕಾಣುವುದು ಸುಲಭವಾಯಿತು. ದನ ಬಿಡಿಸಲು ಹೋಗಿ ಸತ್ತವರು, ಹೆಣ್ಣಿನ ಮಾನಕ್ಕಾಗಿ ನಡೆದ ಪೆಣ್ಬುಯ್ಯಲಿನಲ್ಲಿ ಸತ್ತವರು, ಊರಳಿವಿನಲ್ಲಿ ಸತ್ತವರು ಇವರಲ್ಲಿದ್ದಾರೆ. ಸಾಮ್ರಾಜ್ಯಗಳ ನಡುವಿನ ಯುದ್ಧಕ್ಕಿಂತ ಹಟ್ಟಿಯ ದನದ ಜಗಳಕ್ಕೆ ಪ್ರಾಣ ಕೊಟ್ಟವರ ಕಲ್ಲುಗಳೇ ಹಳ್ಳಿಗಳಲ್ಲಿ ಕಣ್ಣಿಗೆ ಹೆಚ್ಚು ಬೀಳುತ್ತವೆ.

ಅಪ್ಸರೆಯರ ಆಸೆ

ಹಾಗೆಂದು ವೀರಗಲ್ಲನ್ನು ಕಣ್ಣುಮುಚ್ಚಿ ಕೊಂಡಾಡಬೇಕಿಲ್ಲ. ಊರಮುಂದೆ ನಿಂತ ಆ ಕಲ್ಲು ಸತ್ತವನಿಗೆ ಗೌರವವಾದರೆ, ಅದನ್ನು ನೋಡುತ್ತ ಬೆಳೆದ ಹುಡುಗನಿಗೆ ಕರೆಯೂ ಹೌದು. ಯುದ್ಧದಲ್ಲಿ ಸತ್ತರೆ ಸುರಾಂಗನೆಯರು ಕೈಹಿಡಿದು ಒಯ್ಯುತ್ತಾರೆ, ಮನೆಯವರಿಗೆ ಭೂಮಿ ಸಿಗುತ್ತದೆ, ಊರಲ್ಲಿ ಕಲ್ಲು ನಿಲ್ಲುತ್ತದೆ ಎಂಬ ಮೂರು ಆಸೆಗಳನ್ನು ಮೂರು ಅಂಕಣಗಳ ಕಲ್ಲು ದಿನವೂ ಬಿತ್ತುತ್ತಿತ್ತು. ಒಡೆಯರಿಗೆ ಇದಕ್ಕಿಂತ ಅಗ್ಗವಾಗಿ ಸೈನ್ಯ ಕೂಡಿಸುವ ದಾರಿ ಇರಲಿಲ್ಲ. ಒಡೆಯ ಸತ್ತರೆ ತಾನೂ ಸಾಯುವೆನೆಂದು ಭಾಷೆ ಕೊಡುವ ವೇಳೆವಾಳಿ, ಗರುಡ, ಲೆಂಕ ಎಂಬ ಪಂಗಡಗಳೇ ಇದ್ದವು.

ಮಿಜುಕಿಯ ಮಾಂಗಾ ಬೇರೆಯಾಗುವುದು ಇಲ್ಲೇ. ಅವನ ಸಿಪಾಯಿಗಳನ್ನು ಒಯ್ಯಲು ಅಪ್ಸರೆಯರು ಬರುವುದಿಲ್ಲ. ಕಥೆಯ ಕೊನೆಗೆ ಉಳಿಯುವುದು ಸತ್ತವರ ದೇಹಗಳಷ್ಟೇ. ಕಾಡು, ಗುಡ್ಡ, ಯುದ್ಧಸಾಮಗ್ರಿಗಳನ್ನು ಛಾಯಾಚಿತ್ರದಷ್ಟು ಕರಾರುವಾಕ್ಕಾಗಿ ಬರೆಯುವ ಅವನು ಸಿಪಾಯಿಗಳ ಮುಖವನ್ನು ಮಾತ್ರ ವ್ಯಂಗ್ಯಚಿತ್ರದಂತೆ ಸರಳವಾಗಿ ಬಿಡುತ್ತಾನೆ. ಹೊಟ್ಟೆಗಿಲ್ಲದ, ಮೇಲಿನವರ ಏಟು ತಿನ್ನುವ, ನಗೆಚಾಟಿಕೆ ಮಾಡುವ ಹುಡುಗರು ಒಬ್ಬೊಬ್ಬರಾಗಿ ಸಾಯುವಾಗ ಓದುಗನ ಎದೆ ಹಿಂಡುತ್ತದೆ. ನಮ್ಮ ಶಿಲ್ಪಿಗೆ ಅಂಥ ಸ್ವಾತಂತ್ರ್ಯ ಇರಲಿಲ್ಲ. ಕಲ್ಲಿನ ಖರ್ಚು ಕೊಟ್ಟವನು ಸತ್ತವನ ಮಗ, ಅಣ್ಣತಮ್ಮ ಇಲ್ಲವೇ ಒಡೆಯ. ಅವರಿಗೆ ಬೇಕಾದದ್ದು ಸಮಾಧಾನ. ಆದರೂ ಅದೇ ಶಿಲ್ಪಿ ಕೆಳಗಿನ ಅಂಕಣದಲ್ಲಿ ಮೈಗೆ ನಾಟಿದ ಬಾಣವನ್ನು ಬಿಡದೆ ಕೆತ್ತಿದ್ದಾನೆ. ಮೇಲಿನ ಅಂಕಣವನ್ನು ನಂಬಿದ್ದನೋ ಇಲ್ಲವೋ, ಕೆಳಗಿನದನ್ನು ಕಣ್ಣಾರೆ ಕಂಡಿದ್ದಿರಬೇಕು.

ವೀರಗಲ್ಲಿನ ಪಕ್ಕದಲ್ಲೇ ಕೆಲವು ಕಡೆ ಮಾಸ್ತಿಕಲ್ಲು ಇರುತ್ತದೆ. ಬಳೆ ತೊಟ್ಟ, ಮೊಣಕೈ ಮಡಿಸಿ ಮೇಲೆತ್ತಿದ ಒಂದು ತೋಳು, ಅಷ್ಟೇ ಗುರುತು. ಗಂಡನ ಚಿತೆಯೇರಿದವಳ ಕಲ್ಲು ಅದು. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಅಕ್ಷರವೇ ಇಲ್ಲ. ಯುದ್ಧದ ಕಥೆಯಲ್ಲಿ ಹೆಂಗಸಿನ ಪಾಲಿಗೆ ಉಳಿದ ಚೌಕಟ್ಟು ಇದು.

ಕಲ್ಲು ನಿಲ್ಲಿಸುವ ಪದ್ಧತಿ ವಿಜಯನಗರದ ಕಾಲದ ನಂತರ ಕ್ಷೀಣಿಸುತ್ತ ಬಂತು. ಅದರ ಪರಿಣಾಮವನ್ನು ದೇವನಹಳ್ಳಿಯ ಕೋಟೆಯಲ್ಲಿ ಕಾಣಬಹುದು. 1749ರಲ್ಲಿ ಮೈಸೂರಿನ ಪಡೆ ಅಲ್ಲಿನ ಪಾಳೆಯಗಾರನ ಮೇಲೆ ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. ಹೈದರ್ ಅಲಿ ಎಂಬ ಸೈನಿಕನ ಹೆಸರು ಮೇಲಿನವರ ಕಿವಿಗೆ ಬಿದ್ದದ್ದು ಈ ಮುತ್ತಿಗೆಯಲ್ಲಿ. ಮುಂದೆ ಅವನ ಮಗ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ. ಆ ಜಾಗದಲ್ಲಿ ಸ್ಮಾರಕವಿದೆ, ಟಿಪ್ಪುವಿನ ಬದುಕು ಅಮರ ಚಿತ್ರಕಥೆಯಾಗಿಯೂ ಬಂದಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದೇ ಕೋಟೆಯನ್ನು ಹಿಡಿಯಿತು. ಎರಡು ಯುದ್ಧಗಳಲ್ಲೂ ಸರದಾರರ ಹೆಸರು ಸಿಗುತ್ತವೆ, ತಾರೀಖು ಸಿಗುತ್ತವೆ. ಗೋಡೆ ಹತ್ತಿದವರ, ಗೋಡೆ ಕಾದವರ ಹೆಸರನ್ನು ಹುಡುಕಿದರೆ, ಅವರಿಗಿಂತ ಸಾವಿರ ವರ್ಷ ಹಿಂದೆ ಸತ್ತ ಹೆಬ್ಬಾಳದ ಕಿಟ್ಟಯ್ಯನಿಗೆ ಸಿಕ್ಕ ಭಾಗ್ಯ ಇವರಿಗೆ ಇಲ್ಲ.

ರೈಸರ ಪಟ್ಟಿ ಮತ್ತು ಇಂದಿನ ಬಡಾವಣೆ

ಈ ಭಾಗದ ಕಲ್ಲುಗಳನ್ನು ಊರೂರು ಅಲೆದು ದಾಖಲಿಸಿದ ಕೀರ್ತಿ ಬಿ.ಎಲ್. ರೈಸ್ ಅವರಿಗೆ ಸಲ್ಲಬೇಕು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ, 1905ರಲ್ಲಿ ಬಂದದ್ದು, ಬೆಂಗಳೂರು ಜಿಲ್ಲೆಗೇ ಮೀಸಲು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳಿಗೆ ಅದರಲ್ಲಿ ಪ್ರತ್ಯೇಕ ಭಾಗಗಳಿವೆ. ಪ್ರತಿ ಶಾಸನದ ತಲೆಯ ಮೇಲೆ ಹಳ್ಳಿ ಯಾವುದು, ಹೋಬಳಿ ಯಾವುದು, ಕಲ್ಲು ಎಲ್ಲಿದೆ ಎಂದು ನಮೂದಿಸಿದ್ದಾರೆ. ಆ ಒಂದು ಸಾಲು ಅಂದಿಗೆ ಬರೀ ವಿಳಾಸವಾಗಿತ್ತು. ಇಂದು ಎಷ್ಟೋ ಕಲ್ಲುಗಳ ವಿಷಯದಲ್ಲಿ ಅದೇ ಕೊನೆಯ ಕುರುಹು.

ಕಾರಣಗಳನ್ನು ಹುಡುಕಿ ದೂರ ಹೋಗಬೇಕಿಲ್ಲ. ಚಪ್ಪಡಿಯಾದ್ದರಿಂದ ಬಟ್ಟೆ ಒಗೆಯಲು ಅನುಕೂಲ, ಮೋರಿಗೆ ಹಾಸಲು ಅನುಕೂಲ, ಪಾಯಕ್ಕೂ ಅನುಕೂಲ. ನಿಧಿಯಾಸೆಯಿಂದ ಕಲ್ಲಿನ ಬುಡ ಅಗೆಯುವವರ ಕಾಟ ಬೇರೆ. ದೇವರೆಂದು ಪೂಜೆಗೊಳ್ಳುವ ಕಲ್ಲುಗಳು ಉಳಿದುಕೊಂಡಿವೆ, ಆದರೆ ಎಣ್ಣೆಯ ಜಿಡ್ಡಿನಲ್ಲಿ, ಬಣ್ಣದಲ್ಲಿ ಅಕ್ಷರ ಮುಚ್ಚಿಹೋಗಿದೆ. ಇದೆಲ್ಲ ಹಳೆಯ ಕಾಯಿಲೆ. ಹೊಸದು ಜಮೀನಿನ ಬೆಲೆ. 2008ರಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಹೊಲಗಳು ನಿವೇಶನಗಳಾಗುತ್ತಿರುವ ವೇಗ ಎಲ್ಲರಿಗೂ ಗೊತ್ತಿರುವುದೇ. ದೇವಾಲಯವಾದರೆ ಊರವರು ಅಡ್ಡ ನಿಲ್ಲುತ್ತಾರೆ. ಬದುವಿನ ಒಂಟಿ ಕಲ್ಲಿಗೆ ಹೇಳುವವರು ಕೇಳುವವರು ಯಾರೂ ಇಲ್ಲ, ಜೆ.ಸಿ.ಬಿ.ಗೆ ಅದೊಂದು ಕಲ್ಲು, ಅಷ್ಟೆ.

ಬೆಂಗಳೂರಿನ ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಭಾಗದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯಂತ್ರದಿಂದ ದಾಖಲಿಸುವ ಕೆಲಸ ಕೈಗೊಂಡಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರಿನ ತೆರೆಯ ಮೇಲೆ ನೆರಳು ಬೆಳಕಿನ ಕೋನ ಬದಲಿಸಿದಾಗ ಎದ್ದು ಕಾಣುತ್ತದೆ. ಹಳೆಯ ಓದುಗಳನ್ನು ತಿದ್ದಲೂ ಇದು ನೆರವಾಗಿದೆ. ಆದರೆ ಯಂತ್ರವನ್ನು ನಿಲ್ಲಿಸಲು ಮೊದಲು ಕಲ್ಲು ಇರಬೇಕು. ಹುಡುಕಿ ಹೊರಟವರ ಕೈಯಲ್ಲಿರುವುದು 1905ರ ರೈಸರ ಆ ಒಂದು ಸಾಲು: ಇಂಥ ಹೋಬಳಿ, ಇಂಥ ಹಳ್ಳಿ, ಊರ ಇಂಥ ದಿಕ್ಕಿನ ಹೊಲದಲ್ಲಿ ವೀರಗಲ್ಲು. ಹೊಲ ಎಲ್ಲಿತ್ತು ಎಂದು ತೋರಿಸಬಲ್ಲ ಹಿರಿಯರು ಒಂದೊಂದು ಹಳ್ಳಿಯಲ್ಲಿ ಇಬ್ಬರೋ ಮೂವರೋ ಇದ್ದಾರೆ. ಊರಿಗೆ ಹೋದವರು ಮೊದಲು ಅವರ ಮನೆಯ ಜಗಲಿಯ ಮೇಲೆ ಕೂತು, ಬಳಿಕ ಹೊಲದ ಕಡೆ ನಡೆಯುತ್ತಾರೆ.